ಹುಳದ ಮನೆಗೆ ಬಂದ ಅಮೆರಿಕ

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಯಜಮಾನಿಕೆ ರೇಷ್ಮೆ ಹುಳುಗಳದು; ನಾವೆಲ್ಲ ಅವುಗಳ ಒಕ್ಕಲು. ಹಾರೋಹಳ್ಳಿ ದಾಟಿ ಕನಕಪುರದ ಕಡೆ ಹೋಗುವಾಗ ಎಡಕ್ಕೆ ತಿರುಗಿ ಯಾರನ್ನು ಕೇಳಿದರೂ 'ಇಲ್ಲೇ ಮುಂದೆ' ಎಂದು ಮೂರು ಮೈಲಿ ನಡೆಸುವ ಊರು ನಮ್ಮದು. ಮನೆಯ ಮುಂದೆ ಜಗಲಿ, ನಡುವೆ ಹಜಾರ, ಹಿಂದೆ ಅಡುಗೆಮನೆ, ಅದರ ಪಕ್ಕಕ್ಕೆ ಶೀಟು ಹೊದಿಸಿದ ಉದ್ದನೆಯ ಹುಳದ ಮನೆ. ಗಾರೆ ನೆಲ, ಎರಡೂ ಕಡೆ ಕಿಟಕಿ, ಕಿಟಕಿಗೆ ಪರದೆ, ಚಳಿಗಾಲಕ್ಕೆ ಇದ್ದಿಲ ಒಲೆ, ಬೇಸಿಗೆಗೆ ಒದ್ದೆ ಗೋಣಿಚೀಲ, ಇಷ್ಟು ಸೌಕರ್ಯವೂ ಹುಳುಗಳಿಗೆ. ನಮಗಿದ್ದದ್ದು ಒಂದು ಟೇಬಲ್ ಫ್ಯಾನು. ಅದೂ ಬಲಗಡೆಗೆ ಮಾತ್ರ ತಿರುಗುತ್ತಿತ್ತು. ಎಡಗಡೆ ಮಲಗಿದವರು ಹಣೆಬರಹ ಅಂದುಕೊಳ್ಳಬೇಕಿತ್ತು. ನನಗೆ ಜ್ವರ ಬಂದರೆ ಅಜ್ಜಿ ಒಂದು ಲೋಟ ಮೆಣಸಿನ ಕಷಾಯ ಕುಡಿಸಿ ನನ್ನನ್ನು ಮರೆತೇಬಿಡುತ್ತಿದ್ದಳು. ಹುಳುಗಳಿಗೆ ಜ್ವರ ಬಂದರೆ ಮಾತ್ರ ಮನೆಗೆ ಮನೆಯೇ ತುದಿಗಾಲಲ್ಲಿ ನಡೆಯಬೇಕು. ಪೊರೆ ಕಳಚುವ ಮುಂಚೆ ಅವು ಸೊಪ್ಪು ಬಿಟ್ಟು, ತಲೆಯೆತ್ತಿಕೊಂಡು, ಮಠದ ಸ್ವಾಮಿಗಳ ಹಾಗೆ ಸುಮ್ಮನೆ ಕೂರುತ್ತವೆ. ಅದಕ್ಕೇ ನಮ್ಮ ಕಡೆ ಜ್ವರ ಅನ್ನುವುದು. ಒಂದು ಬೆಳೆಗೆ ನಾಲ್ಕು ಜ್ವರ. ಆ ನಾಲ್ಕು ಸಲವೂ ಅಮ್ಮ ಪಾತ್ರೆ ತೊಳೆಯುವಾಗ ಪಾತ್ರೆಗೆ ಪಾತ್ರೆ ತಗುಲಿದರೆ ಅಜ್ಜಿಯ ಕಣ್ಣು ಅಡುಗೆಮನೆಯ ಗೋಡೆ ತೂರಿಕೊಂಡು ಬರುತ್ತಿತ್ತು.

ಜ್ವರಕ್ಕಿಂತ ದೊಡ್ಡ ಕಾಟ ವಾಸನೆಯದು. ಹುಳುಗಳಿಗೆ ವಾಸನೆ ಆಗುವುದಿಲ್ಲ. ಬೆಳೆ ನಡೆಯುವಷ್ಟು ದಿನ ನಮ್ಮ ಮನೆಯಲ್ಲಿ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಮುಖಕ್ಕೆ ಪೌಡರಿಲ್ಲ. ದೇವರಿಗೆ ಕೂಡ ಕನಕಾಂಬರವೇ ಗತಿ. ಅಪ್ಪನಿಗೆ ಬೀಡಿ ಸೇದಬೇಕು ಅನ್ನಿಸಿದರೆ ಊರಾಚೆಯ ಮೋರಿ ತನಕ ನಡೆದು, ಸೇದಿ, ಬಾಯಿ ಮುಕ್ಕಳಿಸಿ, ಅಂಗಿ ಬದಲಾಯಿಸಿ ವಾಪಸು ಬರಬೇಕು; ಬರುವಷ್ಟರಲ್ಲಿ ಇನ್ನೊಂದು ಸೇದಬೇಕು ಅನ್ನಿಸುತ್ತಿತ್ತಂತೆ. ಸೋಲೂರಿನಿಂದ ಅತ್ತೆ ಒಮ್ಮೆ ಮಲ್ಲಿಗೆ ಮುಡಿದು ಬಂದಾಗ ಅಜ್ಜಿ ಹೆತ್ತ ಮಗಳನ್ನು ಹೊಸ್ತಿಲಲ್ಲೇ ತಡೆದು, ಹೂವು ಬಿಚ್ಚಿಸಿ, ಹಸುವಿಗೆ ತಿನ್ನಿಸಿ, ಆಮೇಲೆ 'ಬಾ ಮಗ, ಚೆನ್ನಾಗಿದ್ದೀಯಾ' ಅಂದಳು. ಅತ್ತೆಯ ಗಂಡನ ಪಾಡು ಬೇರೆ. ನಾಲ್ಕನೇ ಜ್ವರ ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಥೇಟ್ ಮಳೆಯ ಸದ್ದು. ಮಾವ ಹಜಾರದಲ್ಲಿ ಮಧ್ಯಾಹ್ನ ಒರಗಿದವರು ಮೂರು ಸಲ ಎದ್ದು ಓಡಿ ಹಗ್ಗದ ಮೇಲಿನ ಬಟ್ಟೆಯನ್ನೆಲ್ಲ ಒಳಗೆ ತಂದು ಹಾಕಿದರು. ನಾಲ್ಕನೇ ಸಲ ನಿಜವಾದ ಮಳೆ ಬಂದಾಗ 'ಹುಳ ಬುಡಿ' ಎಂದು ಮಗ್ಗುಲು ಬದಲಿಸಿದರು.

ಇಂಥ ಮನೆಗೆ ಅಪ್ಪ ಒಂದು ಕಾರು ತಂದ.

ಆಗ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ ಹಬ್ಬುತ್ತ ಹಬ್ಬುತ್ತ ನಮ್ಮ ಕೆಳಗಿನ ಹೊಲದ ತನಕ ಬಂದಿತ್ತು. ಹೊಲ ಬಿಟ್ಟುಕೊಟ್ಟವರೆಲ್ಲ ಪರಿಹಾರದ ದುಡ್ಡಿನಲ್ಲಿ ಮೊದಲು ಮನೆಗೆ ಗೇಟು ಹಾಕಿಸಿದರು, ಆಮೇಲೆ ಗೇಟಿನೊಳಗೆ ಏನಾದರೂ ಇರಲಿ ಎಂದು ಕಾರು ತಂದರು. ಎಲ್ಲರದೂ ಒಂದೇ ಥರದ ಬಿಳಿ ಕಾರು. ಮದುವೆ ಛತ್ರದಲ್ಲಿ ಚಪ್ಪಲಿ ಅದಲುಬದಲಾದ ಹಾಗೆ ಕಾರುಗಳೂ ಅದಲುಬದಲಾಗುತ್ತಿದ್ದವು. ನಮ್ಮಪ್ಪ ಪುಟ್ಟಸ್ವಾಮಿ ಆರಡಿ ಎತ್ತರದ ಆಳು. ಊರಿನವರು ಮಾಡಿದ್ದನ್ನೇ ಮಾಡಿದರೆ ಎತ್ತರ ಕಮ್ಮಿಯಾಗುತ್ತದೆ ಅನ್ನುವ ಜಾತಿ. ಬೆಂಗಳೂರಿನ ಶೋರೂಮಿಗೆ ಹೋದ. ಅಲ್ಲಿ ಟೈ ಕಟ್ಟಿದ ಹುಡುಗ ಹಸಿರು ಬಣ್ಣದ ಪುಟ್ಟ ಕಾರೊಂದರ ಬೆನ್ನು ತಟ್ಟಿ, ಇದು ಅಮೆರಿಕದ ಕಂಪನಿಯದು, ಅಷ್ಟು ವರ್ಷ ಆನೆಯಂಥ ಕಾರುಗಳನ್ನು ಮಾಡಿದ ಅನುಭವ ಪೂರ್ತಿ ಈ ಸಣ್ಣ ಕಾರಿನ ಒಳಗಿದೆ ಎಂದನಂತೆ. ಅನುಭವ ಪೂರ್ತಿ ಒಳಗೆ ತುಂಬಿದ್ದಕ್ಕೋ ಏನೋ, ಕಾಲು ಇಡಲು ಜಾಗ ಇರಲಿಲ್ಲ. ಅಪ್ಪ ಅದರಲ್ಲಿ ಕೂತರೆ ಮಂಡಿ ಕಿವಿಗೆ ಬರುತ್ತಿತ್ತು. ಆದರೂ ಅದನ್ನೇ ತಂದು ಹುಣಸೆಮರದ ಕೆಳಗೆ ನಿಲ್ಲಿಸಿ, ಒಂದೊಂದೇ ಅಂಗವನ್ನು ಹೊರಗೆ ತೆಗೆದು, ಕೊನೆಗೆ ಪೂರ್ತಿ ನಿಂತ. ಅಜ್ಜಿ ಸೊಪ್ಪಿನ ಮಂಕರಿ ಇಳಿಸಿ ಕಾರನ್ನು ಒಂದು ಸುತ್ತು ಹಾಕಿದಳು.

“ಯಾವೂರ್ ಕಾರ್ಲಾ ಇದು, ಪುಟ್ಟಸಾಮಿ?”

“ಅಮೆರಿಕದ್ದು ಕಣವ್ವ.”

“ಅಷ್ಟ್ ದೊಡ್ಡ ದೇಸ, ಇಷ್ಟೇಯ ಕಾರು?”

“ಸಣ್ಣದು ಅಂತ್ಲೇ ಮಾಡವ್ರೆ. ಪೆಟ್ರೋಲ್ ಕಮ್ಮಿ ಕುಡೀತದೆ.”

“ಅವ್ರೂ ಇದ್ರಲ್ಲೇ ಓಡಾಡ್ತಾರಾ?”

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದಳು:

“ಅವ್ರು ಓಡಾಡೋ ಹಂಗಿದ್ರೆ ನಮ್ಗ್ಯಾಕ್ ಕೊಡ್ತಿದ್ರು, ಅತ್ತೆ?”

ಅಂದಿನಿಂದ ಕಾರಿನ ಹೆಸರು ಅಮೆರಿಕ ಎಂದೇ ಆಯಿತು. 'ಅಮೆರಿಕದ ಮೇಲೆ ಕೋಳಿ ಕೂತದೆ, ಓಡ್ಸು', 'ಅಮೆರಿಕಕ್ಕೆ ಗಾಳಿ ಕಮ್ಮಿ ಆಗೈತೆ', ಹೀಗೆ. ಅದರೊಳಗೆ ಲೋಟ ಇಡಲು ಆರು ಗುಂಡಿಗಳಿದ್ದವು. ಕೂರುವವರು ನಾಲ್ಕು ಜನ, ಅದೂ ಬಿಗಿಯಾಗಿ. ಲೋಟಗಳು ಮಾತ್ರ ಆರಾಮಾಗಿ ಕೈಕಾಲು ಚಾಚಿ ಕೂರಬಹುದು. ಅಜ್ಜಿ ಒಂದರಲ್ಲಿ ವೀಳ್ಯದೆಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ ಇಟ್ಟು, ನಾಲ್ಕನೆಯದು ಉಗಿಯುವುದಕ್ಕೆ ಎಂದು ತಿಳಿದು, ಹಾಗೇ ಮಾಡಿದಳು. ನಾನಾಗ ಆರನೇ ಕ್ಲಾಸು. ಸ್ಕೂಲಿನಲ್ಲಿ ನಾನು ಕಾರಿನ ಬಗ್ಗೆ ಹೇಳಿದ್ದರಲ್ಲಿ ನಿಜ ಎರಡೇ: ಚಕ್ರ ನಾಲ್ಕು, ಬಣ್ಣ ಹಸಿರು. ಮಿಕ್ಕಂತೆ ಅದು ಹಡಗಿನಲ್ಲಿ ಒಂದೇ ಒಂದು ಬಂದಿತ್ತು, ಅಪ್ಪನ ಎತ್ತರ ಅಳೆಯಲು ಅಮೆರಿಕದಿಂದ ಟೈಲರ್ ಬಂದಿದ್ದ, ನಿದ್ದೆ ಬಂದರೆ ಕಾರು ತಾನೇ ಮೈಲಿಕಲ್ಲು ಓದಿಕೊಂಡು ಮನೆಗೆ ಬರುತ್ತಿತ್ತು. 'ಕನ್ನಡ ಓದಕ್ ಬತ್ತದಾ ಅದ್ಕೆ?' ಎಂದು ಒಬ್ಬಳು ಕೇಳಿದಳು. 'ಒಸಿ ಒಸಿ ಬತ್ತದೆ, ಒತ್ತಕ್ಷರ ಕಷ್ಟ' ಎಂದೆ. ಎಲ್ಲರೂ ನಂಬಿದರು. ನಂಬಿದ ಮೇಲೆ ನಿಲ್ಲಿಸುವುದು ಸಭ್ಯತೆಯಲ್ಲ ಎಂದು ಮುಂದುವರಿಸಿದೆ.

ಆದರೆ ಅಮೆರಿಕ ದಿನ ಬಿಟ್ಟು ದಿನ ಕೆಡುತ್ತಿತ್ತು. ಸುಗ್ಗಿ ಕಾಲಕ್ಕೆ ಬಂದಿದ್ದು, ಯುಗಾದಿ ಹೊತ್ತಿಗೆ ಅದರ ಹೀಟರ್ ಆನ್ ಆಗಿ ಹಾಗೇ ಸಿಕ್ಕಿಕೊಂಡಿತು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಅದಕ್ಕಿಂತ ಒಂದು ಕೈ ಮೇಲು. ಕನಕಪುರಕ್ಕೆ ಹೋಗಿ ಬಂದರೆ ನಾವು ಹಬೆಯಲ್ಲಿ ಬೆಂದ ಕಡುಬಿನ ಹಾಗೆ ಇಳಿಯುತ್ತಿದ್ದೆವು. ಕನಕಪುರದಲ್ಲಿ ನಯಾಜಣ್ಣ ಎಂಬ ಮೆಕ್ಯಾನಿಕ್ ಇದ್ದರು. ಬೆಂಗಳೂರಿನ ದೊಡ್ಡ ಗ್ಯಾರೇಜುಗಳಲ್ಲಿ ಕೆಲಸ ಮಾಡಿ ಬಂದವರು. ಕಾರಿನ ಬಾನೆಟ್ ಎತ್ತಿದರೆ ಅದರ ಏಳು ತಲೆಮಾರು ಹೇಳುತ್ತಿದ್ದರು. ಅಪ್ಪ ಅವರ ಮುಂದೆ ಸ್ಟೂಲಿನ ಮೇಲೆ ಕೂತರೆ ಜಾತಕ ತೋರಿಸಲು ಬಂದವನ ಹಾಗೆ ಕಾಣುತ್ತಿದ್ದ.

“ಪುಟ್ಟಸಾಮಣ್ಣ, ಈ ಕಂಪನಿ ಸಣ್ಣ ಕಾರು ನಾನು ಮೂರ್ ಥರ ನೋಡಿವ್ನಿ. ಮೊದಲ್ನೇದು, ದೊಡ್ಡ ಕಾರಿನ ಬಾಲ ಕಟ್ ಮಾಡಿ ಸಣ್ಣದು ಅಂದ್ರು. ಮುಂದ್ಗಡೆ ಆನೆ, ಹಿಂದ್ಗಡೆ ಇಲಿ. ಎರಡ್ನೇದು, ಇನ್ಯಾರೋ ಮಾಡಿದ್ ಕಾರಿಗೆ ಇವ್ರು ಬಿಲ್ಲೆ ಅಂಟುಸ್ಕೊಂಡ್ರು. ಅದು ಚೆನ್ನಾಗಿತ್ತು. ಚೆನ್ನಾಗೈತೆ ಅಂತ ಗೊತ್ತಾಯ್ತಿದ್ದಂಗೆ ನಿಲ್ಲುಸ್ಬುಟ್ರು. ಮೂರ್ನೇದು ನಿಮ್ದು.”

“ನಮ್ದು ಹೆಂಗೆ?”

“ಚಳಿ ದೇಶಕ್ ಮಾಡಿದ್ದು. ಹೀಟರ್ ಫಸ್ಟ್ ಕ್ಲಾಸ್.”

“ಅಲ್ಲ ಕಣ್ ನಯಾಜು, ಚಂದ್ರನ್ ಮೇಲ್ ಕಾಲಿಟ್ಟೋರು. ಒಂದ್ ಸಣ್ಣ ಕಾರು ನೆಟ್ಟಗ್ ಮಾಡಕ್ ಆಗಲ್ವಾ ಅವ್ರಿಗೆ?”

ನಯಾಜಣ್ಣ ಕೈಗೆ ಹತ್ತಿದ ಗ್ರೀಸನ್ನು ಹಳೇ ಬನಿಯನ್ನಿಗೆ ಒರೆಸಿ ನಿಧಾನವಾಗಿ ಬಿಡಿಸಿ ಹೇಳಿದರು.

“ಅವ್ರಿಗೆ ಸಣ್ಣ ಕಾರು ಅಂದ್ರೆ ಉಪವಾಸ ಇದ್ದಂಗೆ ಅಣ್ಣ. ಪೆಟ್ರೋಲ್ ರೇಟ್ ಏರ್ತು ಅಂದ್ರೆ ರೋಜಾ ಹಿಡೀತಾರೆ. ಇಳೀತು ಅಂದ್ರೆ ಬಿರಿಯಾನಿ ಹಂಡೆ ಇಡ್ತಾರೆ. ಉಪವಾಸದ್ ದಿನ ಮಾಡಿದ್ ಕಾರ್ಗೆ ಬಿರಿಯಾನಿ ದಿನ ಪಾರ್ಟ್ಸ್ ಕೊಡ್ರೋ ಅಂದ್ರೆ ಎಲ್ಲಿಂದ್ ಕೊಡ್ತಾರೆ?”

ಅವರು ಹೇಳಿದ ಹಾಗೇ ಆಯಿತು. ವರ್ಷ ತುಂಬುವ ಮುಂಚೆ ಕಂಪನಿ ನಮ್ಮ ಕಾರು ಮಾಡುವುದನ್ನೇ ನಿಲ್ಲಿಸಿತು. ಅಪ್ಪ ಮೂರು ದಿನ ಸಾವಿನ ಮನೆಯವನ ಹಾಗೆ ಜಗಲಿಯಲ್ಲಿ ಕೂತ. ಬಿಳಿ ಕಾರಿನವರು ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿ, ಕಾಫಿ ಕುಡಿದು, ಒಳಗೊಳಗೇ ನಕ್ಕು ಹೋದರು. ಈ ವಿಚಾರಕ್ಕೆ ಅಜ್ಜಿಯದೊಂದು ವಾದವಿತ್ತು, ಅದು ಮುದ್ದೆಯಿಂದ ಹೊರಡುತ್ತಿತ್ತು. ಅಜ್ಜಿ ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ದಿನಕ್ಕೆ ಮೂವತ್ತು ಎಲೆ ಬೀಳುತ್ತಿತ್ತು. ಅವಳ ಮುದ್ದೆ ಎಂದರೆ ತೆಂಗಿನಕಾಯಿ ಗಾತ್ರ. ಮನೆ ಹಿಸ್ಸೆಯಾಗಿ ನಾವು ನಾಲ್ಕೇ ಜನ ಉಳಿದ ಮೇಲೂ ಅವಳ ಕೈ ಇಳಿಯಲಿಲ್ಲ. ಅಮ್ಮ ಒಂದು ದಿನ ಧೈರ್ಯ ಮಾಡಿ 'ಒಸಿ ಸಣ್ಣದು ಕಟ್ಟಿ ಅತ್ತೆ' ಎಂದಳು. ಅಜ್ಜಿ ಕಟ್ಟಿದಳು. ಅಂಥ ಮುದ್ದೆಯನ್ನು ನಾನು ಮತ್ತೆ ಕಂಡಿಲ್ಲ. ಒಳಗೆ ಹಸಿ ಹಿಟ್ಟು, ಹೊರಗೆ ಗಂಟು, ಸಾರಿಗೆ ಇಟ್ಟರೆ ಕರಗಿ ಸಾರೇ ಅಂಬಲಿ. ಅಜ್ಜಿ ಅದನ್ನು ನೋಡುತ್ತ ಕೂತು, ಕಾರಿನ ಕಡೆ ತಿರುಗಿದಳು.

“ದೊಡ್ಡದ್ನ ಚಿವುಟುದ್ರೆ ಚಿಕ್ಕದಾಗಲ್ಲ ಕಣ್ಲಾ ಪುಟ್ಟಸಾಮಿ. ಚಿಕ್ಕದ್ ಮಾಡಾದು ಬೇರೇನೇ ವಿದ್ಯೆ. ನಂಗೂ ಬರಲ್ಲ, ಅಮೆರಿಕದೋರ್ಗೂ ಬರಲ್ಲ.”

ಬಿಡಿಭಾಗ ಸಿಗದ ಮೇಲೆ ನಮ್ಮ ಮನೆಯ ಸಾಮಾನುಗಳೇ ಒಂದೊಂದಾಗಿ ಕಾರು ಸೇರಿದವು. ಪಕ್ಕದ ಮನೆಯ ಟಗರು ಸೈಡ್ ಮಿರರಿನಲ್ಲಿ ಇನ್ನೊಂದು ಟಗರನ್ನು ಕಂಡು ಹತ್ತು ಹೆಜ್ಜೆ ಹಿಂದೆ ಹೋಗಿ ಬಂದು ಗುದ್ದಿತು. ಮಿರರ್ ಸತ್ತಿತು, ಟಗರು ಎರಡು ದಿನ ಬೀಗಿತು. ಅಪ್ಪ ಅಮ್ಮನ ಕೆಂಪು ಪ್ಲಾಸ್ಟಿಕ್ ಚೌಕಟ್ಟಿನ ಕನ್ನಡಿಯನ್ನು ತಂತಿಯಲ್ಲಿ ಬಿಗಿದ. ಅಮ್ಮ ಬಿಡಲಿಲ್ಲ, ದಿನಾ ಬೆಳಿಗ್ಗೆ ಕಾರಿನ ಬಳಿ ಹೋಗಿ ತಲೆ ಬಾಚಿ, ಹಣೆಗೆ ಸ್ಟಿಕ್ಕರ್ ಇಟ್ಟುಕೊಂಡು, ನಿನ್ನೆಯದನ್ನು ಕನ್ನಡಿಗೆ ಅಂಟಿಸಿ ಬರುತ್ತಿದ್ದಳು. ಹಿಂದೆ ಬರುವ ಲಾರಿಗಳೆಲ್ಲ ಅಪ್ಪನಿಗೆ ಕುಂಕುಮ ಇಟ್ಟುಕೊಂಡೇ ಕಾಣುತ್ತಿದ್ದವು. ಇದಾದ ಮೇಲೆ ಟಗರಿನ ಭಯಕ್ಕೆ, ಕೋತಿಗಳ ಭಯಕ್ಕೆ, ತೆಂಗಿನಕಾಯಿ ಬೀಳುವ ಭಯಕ್ಕೆ ಅಪ್ಪ ಕಾರನ್ನು ತಂದು ಊರಿನಲ್ಲೇ ಭದ್ರವಾದ ಜಾಗದಲ್ಲಿ ನಿಲ್ಲಿಸಿದ. ಬೆಳೆ ಮುಗಿದು ಖಾಲಿಯಿದ್ದ ಹುಳದ ಮನೆಯಲ್ಲಿ.

ಅಜ್ಜಿ ಹದಿನೈದು ದಿನ ಸುಮ್ಮನಿದ್ದಳು. ಹದಿನಾರನೇ ದಿನ ಜಗಲಿಯಲ್ಲಿ ಸುಣ್ಣದ ಬಕೆಟ್ಟು ಇಟ್ಟುಕೊಂಡು ಕೂತಳು. ಹುಳದ ಮನೆಗೆ ಸುಣ್ಣ ಬಳಿಯುವುದೆಂದರೆ ಮರಿ ಹುಳುಗಳು ಬರುವ ದಿನ ಗೊತ್ತಾಗಿದೆ ಎಂದೇ ಅರ್ಥ.

“ಕಾರ್ನ ಈಚೆಗಾಕು. ನಾಳಿದ್ದು ಮರಿ ಹುಳ ಬತ್ತವೆ.”

“ಅರ್ಧ ಮನೆ ಹುಳಕ್ಕೆ, ಅರ್ಧ ಮನೆ ಕಾರ್ಗೆ ಕಣವ್ವ. ನಡುವೆ ಪರದೆ ಕಟ್ತೀನಿ.”

“ಪೆಟ್ರೋಲ್ ವಾಸ್ನೆ ಪರದೆ ಮಾತ್ ಕೇಳ್ತದೇನ್ಲಾ? ಒಂದೇ ದಿನಕ್ ಎಲ್ಲಾ ವಾಂತಿ ಮಾಡ್ಕೊಂಡು ಸಾಯ್ತವೆ.”

“ಹುಳ, ಹುಳ, ಹುಳ! ಒಗ್ಗರಣೆ ಕಾಣ್ದೆ ನಾಲ್ಗೆ ಸತ್ತೋಗೈತೆ ನಂಗೆ. ಬೀಡಿ ಸೇದಕ್ ಒಂದು ಮೈಲಿ ನಡೀಬೇಕು. ನಮ್ಮನೇಲಿ ಮನ್ಸರ್ಗೆ ಬೆಲೆನೇ ಇಲ್ವಾ? ಬುಟ್ಬುಡವ್ವ ಸಾಕು, ಎಷ್ಟ್ ವರ್ಷ ಸಾಕ್ತೀಯ?”

ಅಜ್ಜಿ ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಪೊರಕೆಯನ್ನು ಸುಣ್ಣದ ಬಕೆಟ್ಟಿಗೆ ಅದ್ದಿ, ನೆಲದ ಮೇಲೆ ಒಂದು ಗೆರೆ ಎಳೆದಳು.

“ಆಯ್ತು. ಈ ಬೆಳೆ ಗೂಡ್ನ ನಿನ್ ಅಮೆರಿಕದಲ್ಲೇ ರಾಮನಗರಕ್ ತಕ್ಕೊಂಡೋಗು. ನಾನೂ ಕೂತ್ಕೋತೀನಿ. ಯಾರೂ ತಳ್ದಂಗೆ, ತಾನಾಗೇ ಓಡಿ ಮಾರ್ಕೆಟ್ ಗೇಟ್ ದಾಟ್ತೋ, ಹುಳದ್ ಮನೆ ನಿನ್ ಕಾರ್ಗೆ. ನಾನು ಹುಳ ಬುಡ್ತೀನಿ. ದಾಟ್ನಿಲ್ವೋ, ಕಾರು ಬೀದೀಲ್ ನಿಲ್ಲಬೇಕು. ಆಮೇಕೆ ನೀನು ಉಸ್ರೆತ್ತಂಗಿಲ್ಲ.”

“ಮಾತ್ ಮಾತೇ?”

“ನಾನೇನ್ ಅಮೆರಿಕದೋಳಾ, ಅರ್ಧಕ್ ನಿಲ್ಲಿಸೋಕೆ?”

ನಾನು ಕಾರಿನ ಪಕ್ಷ. ಬೇರೆ ದಾರಿ ಇರಲಿಲ್ಲ. ಕನ್ನಡ ಓದುವ ಕಾರು ಬೀದಿಯಲ್ಲಿ ಟಗರಿನ ಕೈಯಲ್ಲಿ ಗುದ್ದಿಸಿಕೊಳ್ಳುವುದನ್ನು ಕ್ಲಾಸಿನವರು ಕಂಡರೆ ನಾನು ಸ್ಕೂಲು ಬಿಡಬೇಕಾಗುತ್ತಿತ್ತು. ಆ ಬೆಳೆಯ ಮಟ್ಟಿಗೆ ಕಾರು ಟಾರ್ಪಾಲು ಹೊದ್ದು ಹೊರಗೆ ನಿಂತಿತು. ಅಪ್ಪ ದಿನವೂ ಅದರ ಬಾನೆಟ್ಟಿಗೆ ಕೈಮುಗಿದು ಸ್ಟಾರ್ಟ್ ಮಾಡಿ ನೋಡುತ್ತಿದ್ದ. ನಯಾಜಣ್ಣ ಎರಡು ಸಲ ಬಂದು, ಎಲ್ಲಿಂದಲೋ ತಂದ ಹಳೇ ಪಾರ್ಟುಗಳನ್ನು ಹಾಕಿ, ಓಡುತ್ತದೆ ಎಂದು ಪ್ರಮಾಣ ಮಾಡಲು ಮಾತ್ರ ಒಪ್ಪದೆ ಹೋದರು. ಒಳಗೆ ಹುಳುಗಳು ಒಂದು, ಎರಡು, ಮೂರು, ನಾಲ್ಕು ಜ್ವರ ಎದ್ದವು. ಅಂಥ ಬೆಳೆ ನಮ್ಮ ಮನೆಗೆ ಬಂದಿರಲಿಲ್ಲ. ಒಂದು ಹುಳ ಸೊರಗಲಿಲ್ಲ. ಹಣ್ಣಾದ ದಿನ ಎಲ್ಲರೂ ನೆಲದಲ್ಲಿ ಕೂತು, ಮೈ ತಿಳಿಯಾದ ಹುಳುಗಳನ್ನು ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಗೆ ಬಿಡುತ್ತಿದ್ದೆವು. ಅಜ್ಜಿ ಒಂದು ಹುಳವನ್ನು ಕ್ಯಾಂಡಲ್ಲಿನ ಹಾಗೆ ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆದಳು.

“ಭಾಗ್ಯ, ನೋಡ್ಕೊ ಮಗ. ಕುತ್ತಿಗೇಲಿ ಬೆಳಕು ಹಾಯ್ತದಲ್ಲ, ಇದು ಹಣ್ಣು. ಹಾಯದಿದ್ರೆ ಇನ್ನೊಂದು ಮೇವು ಹಾಕ್ಬೇಕು. ಇದ್ನ ನಮ್ಮತ್ತೆ ತೋರ್ಸಿದ್ರು ನಂಗೆ. ಇನ್ಮೇಕೆ ನಿಂಗೆ ಯಾರು ತೋರುಸ್ತಾರೆ? ನೋಡ್ಕೊ.”

ಅಪ್ಪ ಆ ಕಡೆ ಸಾಲಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ಅವನ ಕೈ ನಿಂತದ್ದನ್ನು ನಾನು ನೋಡಿದೆ. ಅಜ್ಜಿಗೆ ಕೇಳಿಸುವಂತೆ ಒಂದು ಸಲ ಕೆಮ್ಮಿದ.

ಗೂಡು ಬಿಡಿಸಿದ ಮಾರನೇ ಬೆಳಿಗ್ಗೆ ಹೊರಟೆವು. ಹಿಂದಿನ ಸೀಟು ಮಡಚಿ, ಬಟ್ಟೆಯ ಮೂಟೆಗಳಲ್ಲಿ ಗೂಡು ತುಂಬಿ, ಒಂದೂ ನಲುಗದ ಹಾಗೆ ಸೂರಿಗೆ ಮುಟ್ಟುವಂತೆ ಜೋಡಿಸಿದೆವು. ಮೂಟೆಗಳ ನಡುವೆ ನನ್ನನ್ನು ತುರುಕಿದರು; ಹೊರಗಿನಿಂದ ನೋಡಿದವರಿಗೆ ಗೂಡಿನ ರಾಶಿಗೆ ಎರಡು ಜಡೆ ಬಂದ ಹಾಗೆ ಕಂಡಿರಬೇಕು. ಅಜ್ಜಿ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಒಂದು ಮೂಟೆ. ಅಮ್ಮ ಕನ್ನಡಿಯ ಸ್ಟಿಕ್ಕರುಗಳನ್ನೆಲ್ಲ ಕಿತ್ತು, ಒರೆಸಿ, 'ನೆಟ್ಟಗ್ ಹೋಗ್ ಬನ್ನಿ' ಅಂದಳು. ಯಾರ ಪರವಾಗಿ ಹೇಳಿದಳೋ ಗೊತ್ತಾಗಲಿಲ್ಲ.

ಆ ದಿನ ಅಮೆರಿಕ ಓಡಿದ ಓಟವನ್ನು ಏನೆಂದು ಹೇಳಲಿ. ಒಂದೇ ಕೀಲಿಗೆ ಸ್ಟಾರ್ಟ್ ಆಯಿತು. ಹೀಟರು ತಣ್ಣಗಿತ್ತು. ಎಂದೂ ಒಂದೇ ಉಸಿರಿಗೆ ಹತ್ತದಿದ್ದ ಕನಕಪುರದಾಚೆಯ ಏರನ್ನು, ತವರಿಗೆ ಹೊರಟ ಸೊಸೆಯ ಹಾಗೆ ಕುಣಿದುಕೊಂಡು ಹತ್ತಿತು. ಎರಡು ಬಿಳಿ ಕಾರುಗಳನ್ನು ಹಿಂದೆ ಹಾಕಿತು. ಮೊದಲ ಎರಡು ಮೈಲಿ ಅಪ್ಪ ಶಿಳ್ಳೆ ಹಾಕುತ್ತಿದ್ದ. ಅಜ್ಜಿ ಕಿಟಕಿಯಾಚೆಗೆ ಹಿಪ್ಪುನೇರಳೆ ತೋಟಗಳನ್ನು ನೋಡುತ್ತ, ಸಿಟ್ಟಿಲ್ಲದೆ, ಸಾಮಾನು ಕಟ್ಟುವವರ ಹಾಗೆ ಒಂದೊಂದೇ ಮಾತಾಡುತ್ತಿದ್ದಳು.

“ಚಂದ್ರಿಕೆ ಸೌದೆಗ್ ಆಯ್ತವೆ. ಒಣಗಿವೆ, ಚೆನ್ನಾಗ್ ಉರೀತವೆ.”

ಅಪ್ಪನ ಶಿಳ್ಳೆ ನಿಂತಿತು.

“ಸೊಪ್ಪಿನ್ ತೋಟ ಕಿತ್ತಾಕ್ಸು. ಜೋಳ ಹಾಕ್ಸು. ನಂಗೆ ಜಗಲೀಲಿ ಕೂತ್ಕಳಕ್ ಒಂದ್ ಚಾಪೆ ಕೊಡು, ಸಾಕು.”

ಅಪ್ಪ ಬೇಕೆಂದೇ ಒಂದು ಹಳ್ಳಕ್ಕೆ ಚಕ್ರ ಇಳಿಸಿದ. ಕಾರು ಹೂವಿನ ಹಾಗೆ ಎದ್ದು ಮುಂದೆ ಹೋಯಿತು.

“ಏನೋ ಸುಟ್ಟ ವಾಸ್ನೆ ಬತ್ತಿಲ್ವಾ ಅವ್ವ?”

“ಇಲ್ವಲ್ಲ.”

“ಟಕ್ ಟಕ್ ಅಂತಿಲ್ವಾ ಮುಂದ್ಗಡೆ?”

“ನನ್ ಅಡಿಕೆ ಕಣ್ಲಾ ಅದು. ನೋಡ್ಕೊಂಡ್ ಓಡ್ಸು.”

ರಾಮನಗರದ ಬಂಡೆಗಳು ಬಂದವು, ಊರು ಬಂತು, ಗೂಡಿನ ಮಾರುಕಟ್ಟೆಯ ಬೀದಿ ಬಂತು. ದೂರದಲ್ಲಿ ಗೇಟು, ಗೇಟಿನ ಮುಂದೆ ಟೆಂಪೋಗಳು, ಮೂಟೆಗಳು, ಜನ. ಅಲ್ಲಿಗೆ ಇನ್ನೂರು ಹೆಜ್ಜೆ ಇರಬೇಕು. ಅಪ್ಪ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು, ಕೀಲಿ ತಿರುಗಿಸಿ ಎಂಜಿನ್ ಆರಿಸಿ, ಸ್ಟೀರಿಂಗಿನ ಮೇಲೆ ಹಣೆ ಇಟ್ಟ.

“ಕೆಟ್ಟೋಯ್ತು.”

“ಏನ್ ಕೆಟ್ಟೋಯ್ತು?”

“ಕಾರು. ಕೆಟ್ಟೋಯ್ತು ಕಣವ್ವ. ನೀನೇ ಗೆದ್ದೆ. ಇಳಿ, ಆಟೋ ತರ್ತೀನಿ.”

ಅಜ್ಜಿ ಅವನ ಕೈಯಲ್ಲಿದ್ದ ಕೀಲಿಯನ್ನು ನೋಡಿದಳು. ಕಾರು ಓಡಿಸಲು ಬರದಿದ್ದರೂ ಎತ್ತು ಹೂಡಿದವಳು. ದಣಿದ ಎತ್ತಿಗೂ ನಿಲ್ಲಿಸಿದ ಎತ್ತಿಗೂ ವ್ಯತ್ಯಾಸ ಬಲ್ಲಳು.

“ನೀನೇ ಆರಿಸ್ದೆ. ನಾನ್ ನೋಡ್ದೆ.”

“ಇಲ್ಲ ಕಣವ್ವ, ಅದೇ ನಿಂತೋಯ್ತು. ದರಿದ್ರದ್ ಕಾರು!”

“ಯಾಕ್ಲಾ ಬಯ್ತೀಯ ಅದ್ನ? ಚಿನ್ನದಂಥ ಕಾರು! ಏರು ಹೆಂಗ್ ಹತ್ತಿತು, ಕಣ್ಣಿರ್ಲಿಲ್ವಾ?”

“ಡಬ್ಬ ಅವ್ವ ಇದು. ಡಬ್ಬ. ಅಮೆರಿಕದೋರ್ಗೆ ಸಣ್ಣ ಕಾರ್ ಮಾಡಕ್ ಬರಲ್ಲ.”

“ಬತ್ತದೆ ಕಣ್ಲಾ! ಬಂದೈತೆ! ಸ್ಟಾರ್ಟ್ ಮಾಡು. ನನ್ನ ಗೆಲ್ಸಕ್ ನೀನ್ಯಾವೋನ್ಲಾ?”

ವರ್ಷವಿಡೀ ಕಾರನ್ನು ಎದೆಗವಚಿಕೊಂಡವನು ಅದನ್ನು ಉಗಿಯುತ್ತಿದ್ದ. ವರ್ಷವಿಡೀ ಉಗಿದವಳು ಅದರ ವಕಾಲತ್ತು ವಹಿಸಿ ಡ್ಯಾಶ್‌ಬೋರ್ಡನ್ನು ಸವರುತ್ತಿದ್ದಳು. ಇಬ್ಬರೂ ಒಟ್ಟಿಗೆ ಮೂಟೆಗಳ ಕಡೆ ತಿರುಗಿದರು.

“ಭಾಗ್ಯ, ನೀನ್ ಹೇಳವ್ವ. ಕೆಟ್ಟೈತೋ ಇಲ್ವೋ?”

ನಾನು ಈ ಕಾರಿನ ಬಗ್ಗೆ ಆಡಿದ್ದ ಸುಳ್ಳುಗಳೆಲ್ಲ ಅದನ್ನು ಮೇಲೆತ್ತಲು. ಈಗ ಅದು ಜೀವಮಾನದಲ್ಲಿ ಮೊದಲ ಸಲ ನನ್ನ ಸುಳ್ಳುಗಳಷ್ಟೇ ಚೆನ್ನಾಗಿ ಓಡಿತ್ತು. ನಿಜ ಹೇಳಿದರೆ ನಾನು ಗೆಲ್ಲುತ್ತಿದ್ದೆ. ಮಾರನೇ ದಿನ ಕ್ಲಾಸಿನಲ್ಲಿ ಹೇಳಲು ಒಂದಕ್ಷರ ಬಣ್ಣ ಹಚ್ಚುವ ಅಗತ್ಯವೂ ಇರಲಿಲ್ಲ. ಅಪ್ಪ ನನ್ನನ್ನೇ ನೋಡುತ್ತಿದ್ದ. ಅಷ್ಟೆತ್ತರದ ಆಳು, ಮಂಡಿ ಕಿವಿಗಿಟ್ಟುಕೊಂಡು, ಸೋಲಲು ನನ್ನ ಸಹಾಯ ಕೇಳುತ್ತಿದ್ದ. ನಾನು ನಯಾಜಣ್ಣನ ಗ್ಯಾರೇಜಿನಲ್ಲಿ ಕೇಳಿದ್ದ ಪದಗಳನ್ನೆಲ್ಲ ನೆನೆದುಕೊಂಡೆ.

“ಕೆಟ್ಟೈತೆ ಅಜ್ಜಿ. ಕನಕಪುರ ಬುಟ್ಟಾಗ್ಲೇ ಕೆಟ್ಟಿತ್ತು. ಗ್ಯಾಸ್ಕೆಟ್ ಹೋಗೈತೆ, ಬೇರಿಂಗ್ ಹೋಗೈತೆ, ಕ್ಲಚ್ ಪ್ಲೇಟು ಅಪ್ಪಳ ಆಗೈತೆ. ಇಷ್ಟ್ ದೂರ ಬಂದಿದ್ದೇ ಇಳಿಜಾರಿಗೆ. ಹಿಂದ್ಗಡೆ ಕೂತೋರ್ಗೇ ಗೊತ್ತಾಗಾದು. ಪಿಸ್ಟನ್ ಒಂದು ಬಿದ್ದೋಯ್ತು, ನಾನೇ ನೋಡ್ದೆ, ರೋಡಲ್ಲಿ.”

“ಏರು ಹತ್ತಾಗ್ಲೂ ಇಳಿಜಾರೇನಮ್ಮಿ?”

“ಅದು ಅಮೆರಿಕದ್ ಟೆಕ್ನಾಲಜಿ ಅಜ್ಜಿ.”

ಅಜ್ಜಿ ನನ್ನನ್ನು ನೋಡಿದಳು. ಅಪ್ಪನನ್ನು ನೋಡಿದಳು. ಅಪ್ಪ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಬೆವರು ಒರೆಸುವ ನೆಪದಲ್ಲಿ ಮುಖ ಪೂರ್ತಿ ಟವೆಲ್ಲಿನಲ್ಲಿ ಮುಚ್ಚಿಕೊಂಡ. ಆಮೇಲೆ ಅಜ್ಜಿ ಸೀಟಿಗೆ ಬೆನ್ನು ಕೊಟ್ಟು, ಮಡಿಲ ಮೂಟೆಯನ್ನು ಸರಿ ಮಾಡಿಕೊಂಡು, ಎಲೆಗೆ ಸುಣ್ಣ ಹಚ್ಚತೊಡಗಿದಳು.

“ಅಪ್ಪ ಮಗಳು ಇಬ್ರೂ ಹೇಳ್ತಾವ್ರೆ ಅಂದ್ಮೇಲೆ ಕೆಟ್ಟೇ ಇರ್ಬೇಕು. ಇಳೀರಿ. ತಳ್ಳಿ.”

“ಆಟೋ ತರ್ತೀನಿ ಅವ್ವ…”

“ಗೂಡು ಅಲ್ಲಿಂದಿಲ್ಲಿಗ್ ಎತ್ತಿ ಹಾಕುದ್ರೆ ನಲುಗ್ತವೆ. ತಳ್ಳಿ.”

“ನೀನಾದ್ರೂ ಇಳಿಯವ್ವ, ಭಾರ ಆಯ್ತದೆ.”

“ಕಾಲು ನೋವು ಕಣಪ್ಪ.”

ಹಾಗೆ ನಾವು ಯಾವ ರೋಗವೂ ಇಲ್ಲದ ಒಂದು ಕಾರನ್ನು ರಾಮನಗರದ ಬಿಸಿಲಿನಲ್ಲಿ ತಳ್ಳಿದೆವು. ಅಪ್ಪ ಒಂದು ಕೈಯಲ್ಲಿ ಕಿಟಕಿಯಿಂದ ಸ್ಟೀರಿಂಗ್ ಹಿಡಿದು ಹೆಗಲು ಕೊಟ್ಟ. ನಾನು ಹಿಂದಿನಿಂದ. ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ ಗೂಡು ಕೊಳ್ಳಲು ಹೊರಟಿದ್ದ, ಅದರಿಂದ ನೂಲು ಬಿಚ್ಚುವ ಇಬ್ಬರು ರೀಲರುಗಳು ಸೈಕಲ್ಲು ನಿಲ್ಲಿಸಿ, ಪಾಪ ಅಂದುಕೊಂಡು ಕೈ ಹಾಕಿದರು. ಅವರಲ್ಲಿ ಹಿರಿಯರಿಗೆ ವಿಷಯ ಗೊತ್ತಿತ್ತು.

“ಗೌಡ್ರೇ, ನೀವು ಒಳಗ್ ಕೂತ್ಕಳಿ. ಸೆಕೆಂಡ್ ಗೇರ್ ಹಾಕಿ ಕೀ ಆನ್ ಮಾಡಿ, ಕ್ಲಚ್ ಬುಡಿ. ಪಟ್ ಅಂತ ಸ್ಟಾರ್ಟ್ ಆಯ್ತದೆ.”

“ಬ್ಯಾಡ ಬ್ಯಾಡ!” ಅಪ್ಪ ಗಾಬರಿಯಿಂದ ಜೇಬು ಒತ್ತಿ ಹಿಡಿದ. “ಇದು ಹಂಗೆಲ್ಲ ಆಗಲ್ಲ ಭಾಯ್. ಅಮೆರಿಕದ್ದು.”

“ಓ… ಅಮೆರಿಕದ್ದಾ,” ಎಂದು ಅವರು ಸಾವಿನ ಸುದ್ದಿ ಕೇಳಿದವರ ಹಾಗೆ ದನಿ ಇಳಿಸಿ, ಇನ್ನೂ ಜೋರಾಗಿ ತಳ್ಳಿದರು.

ಗೇಟಿನ ಬಳಿ ಕಾವಲಿನವನು ಬಗ್ಗಿ ನೋಡಿ, ಏನಾಯ್ತಜ್ಜಿ ಎಂದ. ಅಜ್ಜಿ ಎಲೆಯಡಿಕೆಯನ್ನು ದವಡೆಗೆ ಸರಿಸಿ, ಮೈಸೂರು ಅರಮನೆಯ ಜಂಬೂಸವಾರಿಯಲ್ಲಿ ಕೂತವಳ ಗತ್ತಿನಲ್ಲಿ, 'ಕೆಟ್ಟೋಯ್ತು ಕಣಪ್ಪ, ಒಳ್ಳೇ ಕಾರು, ಪಾಪ' ಅಂದಳು. ಕಾರು ಗೇಟು ದಾಟಿತು. ಅಪ್ಪ ಉಸಿರು ಬಿಟ್ಟು, ನಿಲ್ಲಿಸಿ, ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದ. ಮುಖದಲ್ಲಿ ಬೆವರು ಸುರಿಯುತ್ತಿತ್ತು, ಸೋತವನ ಕಳೆ ಒಂದಿಷ್ಟೂ ಇರಲಿಲ್ಲ. ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಆಕಾಶ ನೋಡಿದಳು.

“ಅಲ್ಲೇ ನಿಂತ್ಕೊಂಡ್ಯಲ್ಲೋ ಪುಟ್ಟಸಾಮಿ. ಇನ್ನೊಸಿ ಮುಂದಕ್ ತಳ್ಳು, ಆ ಶೀಟಿನ್ ನೆರಳಿಗೆ. ಗೂಡ್ಗೆ ಬಿಸ್ಲು ಆಗಲ್ಲ ಅಂತ ಎಷ್ಟ್ ಸತಿ ಹೇಳ್ಬೇಕು ನಿಂಗೆ?”

ಅಪ್ಪ ಮತ್ತೆ ಹೆಗಲು ಕೊಟ್ಟ.